ಉಜ್ಜಿಹೋದ ಸರೋವರ

ಆಸ್ಪತ್ರೆಯ ಕಡೆ ಹೋಗುವ ಕ್ಯೋತೋ ನಗರದ ಬಸ್ಸಿನಲ್ಲಿ ನನ್ನ ಮುಂದೆ ನಮ್ಮ ಬೀದಿಯವರಿಬ್ಬರು ಕೂತಿದ್ದರು: ಮರದಚ್ಚು ಕೆತ್ತುವ ಇಸಾಮು, ಅಚ್ಚಿಗೆ ಬಣ್ಣ ಹಚ್ಚಿ ಕಾಗದಕ್ಕೆ ಒತ್ತುವ ಶಿಜುಯೊ.

"ಪ್ರಜ್ಞೆ ತಪ್ಪಿ ಮಲಗಿದ್ದ ನಮ್ಮ ಚಿತ್ರಗಾರ ಗುರುಗಳಿಗೆ ಎಚ್ಚರ ಆಗಿದೆ ಅಕ್ಕ. ತಮ್ಮ ಸರೋವರದ ಚಿತ್ರ ಇನ್ನೊಂದ್ಸಲ ಒತ್ತಿ ತನ್ನಿ ಅಂದ್ರಂತೆ," ಎಂದ ಇಸಾಮು.

"ಒತ್ತೋಣ. ಅದಕ್ಕ್ಯಾಕೆ ಮುಖ ಸಣ್ಣಗ್ ಮಾಡ್ಕೊಂಡಿದ್ದೀಯ?"

"ಅಚ್ಚೇ ಇಲ್ಲ. ಅವರಿನ್ನು ಏಳಲ್ಲ ಅಂದ್ಕೊಂಡು ಉಜ್ಜುಗೊರಡು ಹಾಕಿ ಕೆತ್ತನೆ ಎಲ್ಲ ಅಳಿಸ್ಬಿಟ್ಟೆ. ಒಳ್ಳೆ ಚೆರ್ರಿ ಮರದ ಹಲಗೆ ಈಗ ಎಲ್ಲಿ ಸಿಗುತ್ತೆ ಹೇಳಿ."

"ಹಳೆ ಹಲಗೆ ಎಲ್ರೂ ಉಜ್ತಾರೆ. ನೀನು ಅವರಿಗೆ ಉಸಿರಿರೋವಾಗ್ಲೇ ಉಜ್ಜಿದ್ಯಲ್ಲೋ. ಅದರ ಮೇಲೇನು ಕೆತ್ತಿದೆ?"

"ಹುಲಿ. ಹೊಸವರ್ಷದ ಕಾರ್ಡಿಗೆ."

"ಹಾಗಾದ್ರೆ ಸರೋವರಾನ ಹುಲಿ ಕುಡೀತು ಅಂತ ಹೇಳು."

"ನೀವೇ ಹೇಳ್ಬಿಡಿ ಅಕ್ಕ. ನನ್ನ ಬೈತಾರೆ."

"ಬೈಯ್ಲಿ ಬಿಡು. ಬೈಯೋಕಾದ್ರೂ ಇದ್ದಾರಲ್ಲ."

ಆಸ್ಪತ್ರೆಯ ಎದುರು ಬಸ್ಸು ನಿಂತಿತು. ಶಿಜುಯೊ ಅವನ ತೋಳು ಹಿಡಿದು ಎಬ್ಬಿಸಿ, ಅವನನ್ನೇ ಮೊದಲು ಇಳಿಸಿದಳು.