ಕೊನೆಯ ವಾರದ ಕಪಾಟುಗಳು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಕಾಫಿ ತಡವಾದರೂ ಎದ್ದುಹೋಗದ ಸಭಿಕರೇ,

ಬಜೆಟ್ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ಇಂದು ನಿವೃತ್ತನಾಗುತ್ತಿರುವ ನನ್ನನ್ನು ಅಧ್ಯಕ್ಷರು ‘ಬೊಕ್ಕಸ ಕಾದವರು’ ಎಂದು ಹೊಗಳಿದರು. ಸರ್ಕಾರದ ಖರ್ಚಿಗೂ ದೇಶದ ಬೆಳವಣಿಗೆಗೂ ಇರುವ ನಂಟಿನ ಬಗ್ಗೆ ನಾಲ್ಕು ಮಾತಾಡಿ ಎಂದೂ ಅಪ್ಪಣೆ ಮಾಡಿದರು. ನಿಜ ಹೇಳುತ್ತೇನೆ, ನನಗೇ ಅದು ಇನ್ನೂ ಅರ್ಥವಾಗಿಲ್ಲ.

ನಮ್ಮದು ಈಗಷ್ಟೇ ತಲೆಯೆತ್ತುತ್ತಿರುವ ದೇಶ. ಸರ್ಕಾರ ರಸ್ತೆ ಮಾಡಿಸಿದರೆ ಗಾರೆಯವನಿಗೆ ಕೂಲಿ; ಗಾರೆಯವನು ಅಂಗಿ ಹೊಲಿಸಿದರೆ ದರ್ಜಿಗೆ ಕೂಲಿ. ಹಾಗಾದರೆ ಖರ್ಚು ಮಾಡಬೇಕು. ಆದರೆ ಸಾಲ ತಂದು ಮಾಡಿಸಿದರೆ ಬಡ್ಡಿಯೇ ಮುಂದಿನ ರಸ್ತೆಯನ್ನು ನುಂಗುತ್ತದೆ. ಹಾಗಾದರೆ ಕೈ ಬಿಗಿಹಿಡಿಯಬೇಕು. ಒಬ್ಬ ಮೇಲಧಿಕಾರಿ ಮೊದಲನೆಯದನ್ನು ಹೇಳಿದರು, ಅವರ ನಂತರ ಬಂದವರು ಎರಡನೆಯದನ್ನು. ಎರಡಕ್ಕೂ ಟಿಪ್ಪಣಿ ಬರೆದವನು ನಾನೇ. ಓದಿದರೆ ಎರಡೂ ಸರಿಯಾಗಿಯೇ ಇದ್ದವು.

ಉಳಿದ ಅನುದಾನ ಬೊಕ್ಕಸಕ್ಕೆ ವಾಪಸಾಗುತ್ತದೆ ಎಂಬ ಭಯಕ್ಕೆ ವರ್ಷದ ಕೊನೆಯ ವಾರ ಎಲ್ಲ ಕಚೇರಿಗಳೂ ಕಪಾಟು ಕೊಳ್ಳುತ್ತಿದ್ದವು, ನಿಮಗೆ ನೆನಪಿರಬಹುದು. ಇಡಲು ಕಡತವಿಲ್ಲ, ಆದರೂ ಕಪಾಟು. ಒಂದು ಕಚೇರಿಯಲ್ಲಿ ದೊಡ್ಡ ಕಪಾಟಿನೊಳಗೆ ಚಿಕ್ಕ ಕಪಾಟಿಟ್ಟು ಬೀಗ ಹಾಕಿದ್ದರು. ಆ ಖರೀದಿಯನ್ನು ನಿಲ್ಲಿಸುವ ಆದೇಶ ಬರೆದವನು ನಾನು. ಇಂದಿನ ಸನ್ಮಾನ ಅದಕ್ಕೇ ತಾನೆ?

ಆ ಕಪಾಟುಗಳನ್ನು ಮಾಡುತ್ತಿದ್ದವನು ನನ್ನ ಸ್ವಂತ ತಮ್ಮ. ಅವನ ಕೈಕೆಳಗೆ ಆರು ಬಡಗಿಗಳಿದ್ದರು. ಆದೇಶ ಹೊರಟ ದಿನ ಮನೆಗೆ ಬಂದ. “ದುಂದು ಅಂತೀಯಲ್ಲಣ್ಣ, ಅದ್ರಲ್ಲೇ ಏಳು ಮನೆ ಒಲೆ ಉರೀತಿತ್ತು. ಉಳಿಸಿದ ದುಡ್ಡಲ್ಲಿ ಏನ್ ಮಾಡ್ತೀರಿ, ಅದನ್ನಾದ್ರೂ ಹೇಳು” ಎಂದ. “ಆಸ್ಪತ್ರೆ ಕಟ್ತಾರೆ ಕಣೋ” ಎಂದೆ.

ಆಮೇಲೆ ವಿಚಾರಿಸಿದೆ. ಉಳಿಸಿದ ದುಡ್ಡು ಹಳೆಯ ಸಾಲದ ಬಡ್ಡಿಗೆ ಹೋಗಿತ್ತು. ಅದೂ ತಪ್ಪಲ್ಲ, ಬಡ್ಡಿ ಕಟ್ಟಲೇಬೇಕು. ಕಪಾಟು ನಿಲ್ಲಿಸಿದ್ದೂ ತಪ್ಪಲ್ಲ. ಹಾಗಾದರೆ ನನಗೇಕೆ ನಾಚಿಕೆಯಾಗುತ್ತದೆ? ಕ್ಷಮಿಸಿ, ಇದು ನಾನು ಬರೆದುಕೊಂಡು ಬಂದ ಭಾಷಣದಲ್ಲಿ ಇರಲಿಲ್ಲ.

ತಮ್ಮ ಅಂಗಡಿ ಮುಚ್ಚಿದ. ಹನ್ನೊಂದು ವರ್ಷದಿಂದ ನಮ್ಮಲ್ಲಿ ಮಾತಿಲ್ಲ. ಇಂದು ಬಂದಿದ್ದಾನೆ, ಅಗೋ, ಬಾಗಿಲ ಬಳಿ ನಿಂತಿದ್ದಾನೆ. ನಾನು ಕರೆದದ್ದಕ್ಕಲ್ಲ; ಈ ಸಭಾಂಗಣದಲ್ಲಿ ಕುರ್ಚಿ ಹಾಕುವುದು, ತೆಗೆಯುವುದು ಈಗ ಅವನ ಕೆಲಸ. ಅದು ನನಗೆ ಗೊತ್ತಾದದ್ದೂ ಇಲ್ಲಿಗೆ ಬಂದ ಮೇಲೆ.

ದೇಶ ಬೆಳೆಯಿತೋ ಇಲ್ಲವೋ, ತಿಳಿದವರು ಹೇಳಲಿ. ನನ್ನದು ಒಂದೇ ಕೋರಿಕೆ. ಏಳುವಾಗ ನಿಮ್ಮ ನಿಮ್ಮ ಕುರ್ಚಿಯನ್ನು ಮಡಚಿ ಗೋಡೆಗೆ ಒರಗಿಸಿ ಹೋಗಿ. ಅವನಿಗೆ ಚಿಕ್ಕಂದಿನಿಂದಲೂ ಸೊಂಟನೋವು.

ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನಾನು ಋಣಿ. ನಮಸ್ಕಾರ.