ಎದುರಿನವನ ದೂರು

ಫೆರ್ರಿ ನಿಲ್ದಾಣದಲ್ಲಿ ವಾಫಲ್ ಬೇಯಿಸುತ್ತಿದ್ದ ಮರಿತ್‌ಳ ಕಿವಿಯೆಲ್ಲ ಸರದಿಯಲ್ಲಿದ್ದ ಇಬ್ಬರ ಮೇಲೇ ಇತ್ತು. ಊರಿನ ಪತ್ರಿಕೆಯ ಐರಿಕ್, ರಾಜಿ ಮಂಡಳಿಯ ಗುಡ್ರುನ್‌ಳನ್ನು ಸಂದರ್ಶಿಸುತ್ತಿದ್ದ.

“ನ್ಯಾಯ ಅಂದ್ರೆ ಏನು ಗುಡ್ರುನ್?”

“ಅಷ್ಟು ದೊಡ್ಡದೆಲ್ಲ ಗೊತ್ತಿಲ್ಲ ಮಾರಾಯ. ಜಗಳ ಆಡ್ಕೊಂಡು ಬಂದವ್ರಿಗೆ, ಎದುರಿನವನ ದೂರನ್ನ ನೀನೇ ಹೇಳು, ಅವನು ಸರಿ ಅನ್ನೋವರೆಗೂ ಹೇಳು ಅಂತೀನಿ. ಅಷ್ಟೇ ನನ್ನ ಕೆಲಸ.”

“ಹೇಳ್ತಾರಾ?”

“ಆಚೆ ದಡದ ಓಲಾ, ಪೆದರ್ ಇಲ್ವಾ, ಅಣ್ಣತಮ್ಮ? ದೋಣಿ ಇಡೋ ಮನೆಯ ಜಗಳಕ್ಕೆ ಹನ್ನೊಂದು ವರ್ಷ ಮಾತು ಬಿಟ್ಟಿದ್ರು. ನಿನ್ನೆ ಒಬ್ಬರ ದೂರನ್ನ ಇನ್ನೊಬ್ರು ಮೂರು ಗಂಟೆ ಹೊತ್ತು ಹೇಳಿದ್ರು.”

“ರಾಜಿ ಆಯ್ತಾ?”

“ಸಹಿ ಹಾಕೋಕೆ ಈಗ ಬರೋ ಫೆರ್ರಿಗೆ ಬರ್ಬೇಕು. ಬರ್ತಾರೋ ಇಲ್ವೋ, ರಾತ್ರಿಯೆಲ್ಲ ನಿದ್ದೆ ಇಲ್ಲ ನಂಗೆ.”

ದಡ ಸೇರಿದ ಫೆರ್ರಿಯಿಂದ ಮೊದಲ ಕಾರು ಇಳಿಯಿತು. ಒಳಗೆ ಇಬ್ಬರು ಮುದುಕರು.

“ನಿಧಾನ ಓಡ್ಸೋ ಪೆದರ್, ನೀರಿಗೆ ಹಾಕ್ತೀಯಾ ನನ್ನ?”

“ಬಾಯ್ಮುಚ್ಕೊಂಡು ಕೂತ್ಕೊಳೋ ಅಣ್ಣ!”

“ಬರ್ಕೋ ಐರಿಕ್, ಬೈದಾಡ್ತಿದಾರೆ! ಒಂದೇ ಕಾರಲ್ಲಿ!” ಎನ್ನುತ್ತ ಗುಡ್ರುನ್ ಕಾರಿನತ್ತ ಓಡಿಯೇ ಹೋದಳು.