ಅಪ್ಪನ ಗುನುಗು

ನ್ಯೂ ಆರ್ಲಿಯನ್ಸ್‌ನ ಬಸ್ ಸ್ಟಾಪಿನಲ್ಲಿ ಮಗಳ ಶೂ ದಾರ ಕಟ್ಟುತ್ತ ಕೂತಿದ್ದೆ. ಪಕ್ಕದಲ್ಲೊಬ್ಬಳು ಅಕ್ಕ, ಒಬ್ಬ ತಮ್ಮ. ಒಂದೇ ಇಯರ್‌ಫೋನನ್ನು ಇಬ್ಬರೂ ಹಂಚಿಕೊಂಡಿದ್ದರು. ಅಕ್ಕನ ಮಡಿಲಲ್ಲಿ ಜಾಝ್ ಪಿಯಾನೋ ವಾದಕ ಡೆಲ್ಮಾರ್ ಬೊದೆ ಜೀವಮಾನವಿಡೀ ನುಡಿಸಿದ ಹಾಡುಗಳಿಂದ ಆಯ್ದು ಹೊರತಂದ ಹೊಸ ಸಿ.ಡಿ.ಯ ಡಬ್ಬಿ.

"ಇಲ್ಲೇ ಬರಬೇಕಿತ್ತು ಕಣೋ ಕ್ಲೋವಿಸ್. ಪಿಯಾನೋ ನಿಂತು, ನಮ್ಮಪ್ಪ ಮೀಟೋ ಬೇಸ್ ತಂತಿ ಒಂದೇ ಕೇಳೋ ಕಡೆ."

"ಬೇಸ್ ಇದೆಯಲ್ಲಕ್ಕ."

"ಬೇಸ್ ಯಾರಿಗೆ ಬೇಕು? ನುಡಿಸ್ತಾ ನುಡಿಸ್ತಾ ಅಪ್ಪ ಗುನುಗ್ತಿದ್ದನಲ್ಲ, ಅದೆಲ್ಲಿ?"

"ಹಳೇ ಗದ್ದಲನೆಲ್ಲ ತೆಗೆದು ಶುಚಿ ಮಾಡಿದ್ದಾರಂತೆ. ಡಬ್ಬಿ ಮೇಲೆ ಬರೆದಿದೆ."

"ಅಪ್ಪ ಗದ್ದಲವಾ?"

"ಬೇರೆ ಹಾಡಲ್ಲಿತ್ತೋ ಏನೋ."

"ಎಲ್ಲಾ ಕೇಳಿದ್ವಲ್ಲೋ. ಮನೇಲಿದ್ದ ರೆಕಾರ್ಡು ಪ್ರವಾಹದಲ್ಲಿ ಹೋಯ್ತು. ಅಪ್ಪನ ದನಿ ತರ್ತೀವಿ ಅಂತ ಅಮ್ಮಂಗೆ ಹೇಳಿಬಿಟ್ಟಿದೀನಿ. ಬೀನ್ಸ್ ಬೇಯಿಸ್ಕೊಂಡು ಕಾಯ್ತಿದಾಳೆ."

"ಬಾಗಿಲ ಹಿಂದೆ ನಿಂತು ನಾನೇ ಗುನುಗಿಬಿಡ್ಲಾ?"

"ನಿನ್ನ ದನಿಗೆ ಬೆಕ್ಕೂ ಎದ್ದು ಹೋಗುತ್ತೆ. ಎಲ್ಲಿ, ಗುನುಗು ನೋಡೋಣ."

ಅವನು ಗುನುಗಿದ.

"ಹಾಗಲ್ಲ, ಇನ್ನೂ ಕೆಳಗೆ." ಅವಳೂ ಗುನುಗಿದಳು.

"ಅದು ಅಪ್ಪಂದಲ್ಲ ಕಣಕ್ಕ. ಅಮ್ಮ ಪಾತ್ರೆ ತೊಳೀವಾಗ ಗುನುಗೋದು."

"ಹೌದಾ? ಅಪ್ಪಂದೇ ಅನ್ಕೊಂಡಿದ್ನಲ್ಲೋ."

ಬಸ್ಸು ಬಂತು. ಅವಳು ಸಿ.ಡಿ.ಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಮೆಟ್ಟಿಲ ಮೇಲೆ ಕಾಲಿಟ್ಟವಳು ಅಲ್ಲೇ ನಿಂತು ತಮ್ಮನ ಕಡೆ ತಿರುಗಿದಳು.

"ಅಲ್ವೋ, ಅಮ್ಮ ಅದನ್ನ ಎಲ್ಲಿ ಕಲ್ತಳು?"